ಕಾಬಾಳೆ ಪಾತಿ ಮತ್ತು ಅತ್ತಿಗೆಯ ಹರಳೆಣ್ಣೆ

ನನ್ನ ಮೊಮ್ಮಗಳು ಮನೆ ಕಟ್ಟಿದ್ದಾಳೆ. ಒಂದಲ್ಲ, ಆರು. ಚಾಮರಾಜಪೇಟೆಯ ನಮ್ಮ ಹಳೆಯ ಸೈಟಿನಲ್ಲೇ, ಕೆಳಗೆ ಎರಡು, ಅದರ ಮೇಲೆ ಎರಡು, ಅದರ ಮೇಲೆ ಇನ್ನೆರಡು. ನಾನೂ ನನ್ನ ಹೆಂಡತಿಯೂ ನಡುವಿನ ಮಹಡಿಯಲ್ಲಿದ್ದೇವೆ. ಈಗ ಮಧ್ಯಾಹ್ನ. ಹೊರಗೆ ರಸ್ತೆಯ ಟಾರು ಕಾದಿದೆ, ಒಳಗೆ ನಾನು ಫ್ಯಾನು ಹಾಕದೆ ಕೂತು ಇದನ್ನು ಬರೆಯುತ್ತಿದ್ದೇನೆ. ಫ್ಯಾನು ಹಾಕಿಲ್ಲ ಎಂಬುದನ್ನು ಬಂದವರಿಗೆಲ್ಲ ಹೇಳುತ್ತೇನೆ. ಹಾಲಿನವನಿಗೆ ಹೇಳಿ ಆಗಿದೆ, ಗ್ಯಾಸಿನವನಿಗೂ ಹೇಳಿ ಆಗಿದೆ. ‘ತಾತ, ಹೋದ ಸಲ ಬಂದಾಗಲೂ ಹೇಳಿದ್ರಿ’ ಎಂದು ಅವನು ನಕ್ಕ. ಹೇಳಿದರೇನಂತೆ? ಗಾಳಿ ಹೋದ ಸಲದ್ದಲ್ಲವಲ್ಲ, ಇವತ್ತಿನದು.

ನಾನು ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ. ಆಮೇಲೆ ಅಣ್ಣನ ಜೊತೆ ಮಾಗಡಿ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದು, ಕೃಷ್ಣರಾಜ ಮಾರುಕಟ್ಟೆಯಲ್ಲಿ ಬಾಳೆಲೆ ಮಾರುತ್ತ ಬೆಳೆದೆ, ಬಾಳೆಲೆ ಮಾರುತ್ತಲೇ ತಲೆ ಬೆಳ್ಳಗಾಯಿತು. ಈ ಸೈಟು ಅಣ್ಣನಿಗೂ ನನಗೂ ಸೇರಿದ್ದು. ಅಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಅವನ ಪಾಲು ಈಗ ನಮ್ಮ ಅತ್ತಿಗೆಯದು. ಅತ್ತಿಗೆ ಮದುವೆಯಾಗಿ ಬಂದಾಗ ನಾನು ಚಡ್ಡಿ ಹಾಕುವ ಹುಡುಗ. ಅವರು ಈಗಲೂ ನನ್ನನ್ನು ‘ಏಯ್ ಹುಡುಗ’ ಎಂದೇ ಕರೆಯುತ್ತಾರೆ. ನನಗೆ ಎಪ್ಪತ್ತು ದಾಟಿದೆ, ಅವರಿಗೆ ಎಂಬತ್ತು.

ಅತ್ತಿಗೆಯ ವಿಷಯದಲ್ಲಿ ಒಂದು ಸಂಗತಿ ಹೇಳಿಬಿಡಬೇಕು. ಅವರು ಒಮ್ಮೆ ಅಂದರೆ ಅಂದರು, ಅಷ್ಟೆ. ಬಹಳ ಹಿಂದೆ ಗಾಂಧಿ ಬಜಾರಿನಲ್ಲಿ ಒಬ್ಬ ಹೂವಿನವಳು ಮಲ್ಲಿಗೆಯನ್ನು ಮೊಳ ಹಾಕುವಾಗ ಕೈ ಕುಗ್ಗಿಸಿದಳೆಂದು, ‘ಇನ್ನು ನಿನ್ನ ಹತ್ರ ಹೂವು ತಗೊಳಲ್ಲ’ ಅಂದಿದ್ದರು. ಈಗ ಅಲ್ಲಿ ಆ ಹೂವಿನವಳ ಸೊಸೆ ಕೂತು ಮಾರುತ್ತಾಳೆ. ಅತ್ತಿಗೆ ನಿಂತು ಸೊಸೆಯ ಮಗುವಿನ ಕೆನ್ನೆ ಹಿಂಡುತ್ತಾರೆ, ಬಿಸ್ಕತ್ತು ಕೊಡುತ್ತಾರೆ, ಹೂವು ಮಾತ್ರ ಪಕ್ಕದ ಬುಟ್ಟಿಯಲ್ಲಿ ಕೊಳ್ಳುತ್ತಾರೆ. ಮನಸ್ಸಿನಲ್ಲಿ ಸಿಟ್ಟೇನೂ ಉಳಿದಿಲ್ಲ. ಆದರೆ ಆಡಿದ ಮಾತು ಉಳಿದಿದೆ.

ನಮ್ಮ ಹಳೆಯ ಮನೆಯೂ ಚೆನ್ನಾಗಿಯೇ ಇತ್ತು. ಹೆಂಚಿನ ಮಾಡು, ಉದ್ದನೆಯ ಹಜಾರ. ಆದರೆ ಹದಿಮೂರು ಜನಕ್ಕೆ ಬಚ್ಚಲು ಒಂದೇ. ಬೆಳಗಾದರೆ ಟವಲು ಹೆಗಲಿಗೆ ಹಾಕಿಕೊಂಡು ಹಜಾರದಲ್ಲಿ ಸಾಲು ನಿಲ್ಲುತ್ತಿದ್ದೆವು. ಆಫೀಸಿನವರು ಮೊದಲು, ಸ್ಕೂಲಿನವರು ಆಮೇಲೆ, ನಾನು ಎಲ್ಲರಿಗಿಂತ ಕೊನೆ. ಒಳಗಿದ್ದವರು ಹಾಡು ಶುರು ಮಾಡಿದರೆ ಹೊರಗಿನವರು ಬಾಗಿಲು ಬಡಿಯುತ್ತಿದ್ದರು. ಹಬ್ಬದ ದಿನವಂತೂ ಕೊನೆಯವನು ಮೈ ಒರೆಸಿಕೊಂಡು ಹೊರಬರುವಾಗ ಎಲೆ ಹಾಕುವ ಹೊತ್ತಾಗಿರುತ್ತಿತ್ತು. ಈ ಮನೆ ಒಡೆದು ಬೇರೆ ಕಟ್ಟಬೇಕು ಎಂಬ ಮಾತು ಹುಟ್ಟಿದ್ದೂ ಆ ಸಾಲಿನಲ್ಲೇ.

ಅತ್ತಿಗೆಯ ಮಗ ಒಬ್ಬ ಬಿಲ್ಡರನ್ನು ಕರೆತಂದ. ಆ ಮನುಷ್ಯ ನುಣುಪು ಕಾಗದದ ಮೇಲೆ ಬಣ್ಣದ ಚಿತ್ರ ತಂದಿದ್ದ. ಮುಂಭಾಗವೆಲ್ಲ ಗಾಜು, ಕೆಳಗೆಲ್ಲ ಕಾರು. ಹುಡುಕಿದರೂ ಒಂದು ಎಲೆ ಕಾಣಲಿಲ್ಲ. ನನ್ನ ಮೊಮ್ಮಗಳು ಗೋಡೆಗೊರಗಿ ನಿಂತು ನೋಡುತ್ತಿದ್ದಳು. ಅವಳು ಆರ್ಕಿಟೆಕ್ಟ್ ಓದು ಮುಗಿಸಿ, ಯಾರದೋ ಆಫೀಸಿನಲ್ಲಿ ಯಾರದೋ ಮನೆಗಳ ಮೆಟ್ಟಿಲು ಬರೆಯುತ್ತಿದ್ದ ಕಾಲ ಅದು.

‘ಈ ಗಾಜಿನ ಹಿಂದೆ ಬೇಸಿಗೇಲಿ ಕೂತ್ರೆ ನಾವೆಲ್ಲ ಇಡ್ಲಿ ಥರ ಬೇಯ್ತೀವಿ,’ ಅಂದಳು.

‘ಎ.ಸಿ. ಹಾಕ್ಸಿದ್ರಾಯ್ತಮ್ಮ,’ ಅಂದ ಬಿಲ್ಡರು.

‘ಒಲೆ ಹಚ್ಚೋದ್ಯಾಕೆ, ಆಮೇಲೆ ಅದಕ್ಕೆ ನೀರು ಹುಯ್ಯೋದ್ಯಾಕೆ ಅಂಕಲ್?’

ಅವನು ಚಿತ್ರ ಸುತ್ತಿಕೊಂಡು ಹೋದ. ಸಂಜೆ ಮೊಮ್ಮಗಳು ನನ್ನ ಪಕ್ಕ ಬಂದು ಕೂತು, ‘ತಾತ, ನಾನೇ ಕಟ್ತೀನಿ. ನನಗೆ ಕೊಡ್ಸು,’ ಅಂದಳು. ಚಿಕ್ಕವಳಿದ್ದಾಗ ಬಲೂನು ಕೊಡಿಸು ಅನ್ನುತ್ತಿದ್ದಳಲ್ಲ, ಅದೇ ದನಿ. ನಾನು ಹೂಂ ಅಂದುಬಿಟ್ಟೆ. ಆದರೆ ನಾನೊಬ್ಬ ಅಂದರೆ ಸಾಕೇ? ಅತ್ತಿಗೆ ಅನ್ನಬೇಕು, ಅತ್ತಿಗೆ ಸಹಿ ಹಾಕಬೇಕು.

ಅವಳು ರಟ್ಟಿನಲ್ಲಿ ಒಂದು ಪುಟ್ಟ ಕಟ್ಟಡ ಮಾಡಿ ತಂದಳು. ಅತ್ತಿಗೆ ಕನ್ನಡಕ ಹಾಕಿಕೊಂಡು, ಅದರ ಕಿಟಕಿಗಳೊಳಗೆ ಬೆರಳು ಹಾಕಿ ನೋಡಿದರು. ಮೊಮ್ಮಗಳು ಒಂದೊಂದಾಗಿ ವಿವರಿಸಿದಳು. ಪಾಯ ತೋಡಿದ ಮಣ್ಣಿನಿಂದಲೇ ಇಟ್ಟಿಗೆ ಒತ್ತುತ್ತೇವೆ, ಸುಡುವುದಿಲ್ಲ. ನಡುವೆ ಆಕಾಶ ಕಾಣುವಂತೆ ಒಂದು ಗೂಡು ಬಿಡುತ್ತೇವೆ, ಬಿಸಿಗಾಳಿ ಅದರಿಂದ ಮೇಲೆ ಹೋಗುತ್ತದೆ. ಹಳೆಯ ಮನೆಯ ಬಾಗಿಲು ಕಿಟಕಿ ಯಾವುದನ್ನೂ ಮಾರುವುದಿಲ್ಲ. ತಾರಸಿಯ ಮೇಲೆ ಬಿದ್ದ ಮಳೆ ನೆಲದಡಿಯ ನೀರಿನ ತೊಟ್ಟಿಗೆ ಇಳಿಯುತ್ತದೆ. ನಾಲ್ಕು ಮನೆ ನಮಗೆ, ಎರಡು ಮನೆ ಮಾರಿ ಖರ್ಚು ತೆಗೆಯುತ್ತೇವೆ. ಅತ್ತಿಗೆ ತಲೆಯಾಡಿಸುತ್ತಲೇ ಇದ್ದರು. ಆಮೇಲೆ ಅವರ ಬೆರಳು ಹಿಂದಿನ ಅಂಗಳಕ್ಕೆ ಬಂತು.

‘ಇದೇನೇ ಇದು, ದನದ ಗೋದಲಿ ಥರ?’

‘ಕಾಬಾಳೆ ಪಾತಿ ದೊಡ್ಡಜ್ಜಿ. ಉದ್ದಕ್ಕೆ ತೊಟ್ಟಿ ಕಟ್ಟಿ, ಜಲ್ಲಿ ತುಂಬಿ ಕಾಬಾಳೆ ಗಿಡ, ಅದೇ ಕ್ಯಾನಾ, ನೆಡ್ತೀವಿ. ಎಲ್ಲರ ಮನೆ ಬಚ್ಚಲ ನೀರು, ಬಟ್ಟೆ ಒಗೆದ ನೀರು ಅದರೊಳಗೆ ಹಾದು ಹೋಗುತ್ತೆ. ಬೇರು ಕೊಳೇನ ಹೀರ್ಕೊಳುತ್ತೆ. ತಿಳಿನೀರು ಈಚೆಗೆ ಬರುತ್ತೆ. ಅದು ಕಕ್ಕಸಿಗೆ, ಗಿಡಕ್ಕೆ.’

‘ಯಾರ್ಯಾರೋ ಮೈ ತೊಳೆದ ನೀರು ಮತ್ತೆ ಮನೆಯೊಳಗೆ ಬರುತ್ತಾ?’

‘ಕಕ್ಕಸಿಗೆ ಮಾತ್ರ.’

‘ತುಳಸಿಗೆ?’

‘ತುಳಸಿಗೆ ಮಳೆ ನೀರು. ಇದು ಒಂದು ತೊಟ್ಟೂ ಹೋಗಲ್ಲ.’

ಅತ್ತಿಗೆಯ ಮಗ ಮೆಲ್ಲಗೆ ಬಾಯಿ ಹಾಕಿದ. ‘ಅಮ್ಮ, ಆ ಜಾಗದಲ್ಲಿ ಎರಡು ಕಾರು ಆರಾಮಾಗಿ ನಿಲ್ಲುತ್ತೆ.’

‘ಬೇಸಿಗೇಲಿ ನಲ್ಲಿ ನಿಂತಾಗ ಟ್ಯಾಂಕರ್‌ಗೆ ಫೋನ್ ಮಾಡೋರು ಯಾರು ದೊಡ್ಡಪ್ಪ? ಕಾರಾ?’ ಅಂದಳು ಇವಳು.

ಅತ್ತಿಗೆ ಇಬ್ಬರನ್ನೂ ಕೈಯೆತ್ತಿ ಸುಮ್ಮನಾಗಿಸಿದರು. ಆ ರಟ್ಟಿನ ಪಾತಿಯ ಮೇಲೆ ಬೆರಳು ಊರಿದರು. ‘ನೋಡು ಮಗಾ, ಮೊದಲನೇ ದೀಪಾವಳಿ ಕಳೆಯೋವರೆಗೂ ಟೈಮ್ ಕೊಡ್ತೀನಿ. ಅಷ್ಟರೊಳಗೆ ಆ ಕೊಳೆನೀರು ಒಂದೇ ಒಂದು ಸಲ ಅಂಗಳಕ್ಕೆ ಬಂತೋ, ಮಾರನೇ ದಿನವೇ ಪಾತಿಗೆ ಕಾಂಕ್ರೀಟು. ಇವನು ಕಾರು ನಿಲ್ಲಿಸ್ಕೊಳ್ಳಲಿ. ಒಪ್ಪಿಗೇನಾ?’

‘ಒಪ್ಪಿಗೆ,’ ಅಂದಳು, ಕಣ್ಣು ಮಿಟುಕಿಸುವಷ್ಟರಲ್ಲಿ.

ಅತ್ತಿಗೆಯ ಮಾತಿನ ತೂಕ ಈ ಹುಡುಗಿಗೆ ಗೊತ್ತಿಲ್ಲವೇ? ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು, ಆ ಪಾತಿ ಒಂದನ್ನು ಬಿಟ್ಟರೆ ಏನು ಗಂಟು ಹೋಗುತ್ತಿತ್ತು ಎಂದು ಕೇಳಿದೆ. ‘ಎಲ್ಲ ಪೈಪೂ ಅಲ್ಲಿಗೇ ಬರೋದು ತಾತ. ಅರ್ಧ ನೀರು ಅದರಿಂದಲೇ ಉಳಿಯೋದು. ಅದು ಹೋದ್ರೆ ಮಿಕ್ಕಿದ್ದೆಲ್ಲ ಬರೀ ಹಸಿರು ಬಣ್ಣ,’ ಅಂದಳು.

ಎರಡು ಮಳೆಗಾಲ ನಾವು ಪಕ್ಕದ ಕ್ರಾಸಿನಲ್ಲಿ ಬಾಡಿಗೆಗಿದ್ದೆವು. ನನಗೆ ಬಾಡಿಗೆ ಮನೆಯ ನೆನಪು ಜಾಸ್ತಿಯಿಲ್ಲ, ಏಕೆಂದರೆ ಅಲ್ಲಿ ನಾನಿರಲೇ ಇಲ್ಲ. ಬೆಳಗ್ಗೆ ಕಾಫಿ ಕುಡಿದು ಸೈಟಿಗೆ ಹೋದರೆ ಊಟಕ್ಕೆ ಯಾರಾದರೂ ಬಂದು ಕರೆಯಬೇಕು. ನಮ್ಮದೇ ನೆಲದ ಕೆಂಪು ಮಣ್ಣು, ಜರಡಿ ಹಿಡಿದು, ಒಂದಿಷ್ಟು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿದರೆ ಬೆಲ್ಲದ ಅಚ್ಚಿನ ಹಾಗೆ ಇಟ್ಟಿಗೆ ಹೊರಬರುತ್ತಿತ್ತು. ಬೀದಿಯ ಜನವೆಲ್ಲ ನಿಂತು ನೋಡುತ್ತಿದ್ದರು. ‘ಮಳೆ ಬಂದ್ರೆ ಕರಗಲ್ವಾ?’ ಎಂದು ಕೇಳದವರೇ ಇಲ್ಲ. ನಾನು ಒಂದು ಇಟ್ಟಿಗೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟುಕೊಂಡಿದ್ದೆ. ಕೇಳಿದವರಿಗೆ ಎತ್ತಿ ತೋರಿಸುವುದು ನನ್ನ ಕೆಲಸ. ಯಾರೂ ಹೇಳಿದ ಕೆಲಸವಲ್ಲ.

ಮೇಸ್ತ್ರಿಗೆ ಮೊದಮೊದಲು ನನ್ನ ಮೊಮ್ಮಗಳ ಮೇಲೆ ನಂಬಿಕೆ ಬರಲಿಲ್ಲ. ‘ಇಂಜಿನಿಯರಮ್ಮ, ಗೋಡೆಗೆ ಪ್ಲಾಸ್ಟರಿಂಗ್ ಬೇಡ ಅಂದ್ರೆ ಜನ ದುಡ್ಡು ಸಾಲ್ದೆ ಹೋಯ್ತು ಅಂದ್ಕೊತಾರೆ,’ ಅನ್ನುತ್ತಿದ್ದ. ‘ಅಂದ್ಕೊಳ್ಳಲಿ ಬಿಡಣ್ಣ, ಚಂದಾ ಕೊಟ್ರೆ ಇಸ್ಕೊಳೋಣ,’ ಅನ್ನುತ್ತಿದ್ದಳು. ಹೆಲ್ಮೆಟ್ ಹಾಕಿಕೊಂಡು, ದುಪಟ್ಟ ಸೊಂಟಕ್ಕೆ ಬಿಗಿದು, ಸಾರುವೆಯ ಮೇಲೆ ಹತ್ತುವಾಗ ನಾನು ಕೆಳಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಮಾಡಿನ ಹಳೆಯ ತೊಲೆಗಳನ್ನು ಬಡಗಿ ತೋಪಡ ಹಿಡಿದು ಹೆರೆದಾಗ ಒಳಗಿನಿಂದ ಜೇನಿನ ಬಣ್ಣ ಬಂತು. ಅವೇ ಈಗ ಮೆಟ್ಟಿಲ ಕಂಬಿಗಳಾಗಿವೆ. ಲಿಫ್ಟ್ ಇದ್ದರೂ ನಾನು ಮೆಟ್ಟಿಲು ಹತ್ತುವುದು ಅವುಗಳ ಮೇಲೆ ಕೈ ಆಡಿಸುವುದಕ್ಕೇ.

ಶ್ರಾವಣದಲ್ಲಿ ಗೃಹಪ್ರವೇಶ ಆಯಿತು. ಕೆಳಗಿನ ಎರಡರಲ್ಲಿ ಒಂದು ಅತ್ತಿಗೆಗೆ, ಇನ್ನೊಂದನ್ನು ಒಬ್ಬರು ರಿಟೈರಾದ ಟೀಚರಮ್ಮ ಕೊಂಡರು. ನಮ್ಮ ಎದುರಿನದು ಅತ್ತಿಗೆಯ ಮಗನದು. ಮೇಲೆ ಒಂದರಲ್ಲಿ ನನ್ನ ಮಗ, ಸೊಸೆ, ಮೊಮ್ಮಗಳು. ಇನ್ನೊಂದರಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ. ಮನೆಗೆ ಎರಡರಂತೆ ಬಚ್ಚಲು! ಮೊದಲ ದಿನ ನಾನು ಬೆಳಗ್ಗೆ ಒಂದರಲ್ಲಿ ಸ್ನಾನ ಮಾಡಿ, ಆಸೆ ತಡೆಯದೆ ಸಂಜೆ ಇನ್ನೊಂದರಲ್ಲೂ ಮಾಡಿದೆ. ಯಾರೂ ಬಾಗಿಲು ಬಡಿಯಲಿಲ್ಲ.

ಕಾಬಾಳೆ ಸೊಂಟದೆತ್ತರ ಬೆಳೆದು ಕೆಂಪು ಹಳದಿ ಹೂ ಬಿಟ್ಟಿತು. ಬಚ್ಚಲ ನೀರು ಜಲ್ಲಿಯ ಅಡಿಯಲ್ಲೇ ಹರಿಯುವುದರಿಂದ ಮೇಲೆ ಒಂದು ಹನಿಯೂ ಕಾಣುತ್ತಿರಲಿಲ್ಲ. ಅತ್ತಿಗೆ ದಿನಾ ಬೆಳಗ್ಗೆ ಪಾತಿಯ ಪಕ್ಕ ನಿಂತು, ಬಗ್ಗಿ, ಮೂಸಿ ನೋಡುತ್ತಿದ್ದರು. ಮೊಮ್ಮಗಳು ಮೇಲಿನಿಂದ ಬಗ್ಗಿ, ‘ವಾಸನೆ ಬಂತಾ ದೊಡ್ಡಜ್ಜಿ?’ ಎಂದು ಕೂಗುವಳು.

‘ನನಗೆ ನೆಗಡಿ ಕಣೆ. ನಾಳೆ ಹೇಳ್ತೀನಿ.’

ಹೀಗೆ ನಾಳೆ ನಾಳೆ ಎಂದು ದೀಪಾವಳಿ ಬಂತು. ಮೊಮ್ಮಗಳು ಸುಮ್ಮನಿದ್ದರೂ ದಿನ ಎಣಿಸುತ್ತಿದ್ದಳೆಂದು ನನಗೆ ಗೊತ್ತಿತ್ತು, ಏಕೆಂದರೆ ನಾನೂ ಎಣಿಸುತ್ತಿದ್ದೆ. ಈ ಹಬ್ಬ ದಾಟಿದರೆ ಪಾತಿ ಗೆದ್ದಿತು.

ನೀರು ತುಂಬುವ ಹಬ್ಬದ ಸಂಜೆ ಅತ್ತಿಗೆಗೆ ಒಂದು ಚಿಂತೆ. ಹಂಡೆ ತೊಳೆದು, ಸುಣ್ಣದ ಗೆರೆ ಎಳೆದು, ಬಳ್ಳಿ ಸುತ್ತಿ ನೀರು ತುಂಬಬೇಕು. ಇಲ್ಲಿ ಹಂಡೆಯೆಲ್ಲಿ? ಕೊನೆಗೆ ಲಿಫ್ಟಿನಲ್ಲಿ ತಾರಸಿಗೆ ಹೋಗಿ ಸೋಲಾರಿನ ಟ್ಯಾಂಕಿಗೇ ಸುಣ್ಣದ ಗೆರೆ ಎಳೆದು, ಹಾಗಲ ಬಳ್ಳಿ ಸುತ್ತಿ, ಊದುಬತ್ತಿ ಬೆಳಗಿ ಬಂದರು. ‘ಬೆಂಕಿ ಹಾಕದೇ ಬಿಸಿ ಆಗೋ ಹಂಡೆ ಅಂದ್ರೆ ದೇವರಿಗೂ ಇಷ್ಟವೇ,’ ಅಂದರು. ಮೊಮ್ಮಗಳ ಮುಖ ಅರಳಿದ್ದು ನೋಡಬೇಕಿತ್ತು.

ಮಾರನೆಯ ಬೆಳಗು ನರಕ ಚತುರ್ದಶಿ, ಎಣ್ಣೆ ಸ್ನಾನದ ಹಬ್ಬ. ನಮ್ಮಲ್ಲಿ ಅವತ್ತು ಮನೆಗೆ ಹಿರಿಯಳಾದ ಹೆಂಗಸು ಎಲ್ಲರ ನೆತ್ತಿಗೂ ಎಣ್ಣೆ ಇಡಬೇಕು. ಅತ್ತಿಗೆ ಹರಳೆಣ್ಣೆಗೆ ಎಳ್ಳೆಣ್ಣೆ ಬೆರೆಸಿ ದೊಡ್ಡ ಪಾತ್ರೆಯಲ್ಲಿ ಬೆಚ್ಚಗೆ ಮಾಡಿಕೊಂಡರು. ಮಾಮೂಲ್‌ಪೇಟೆಯಿಂದ ಸೀಗೆಕಾಯಿ ತರಿಸಿ, ಮಿಲ್ಲಿನಲ್ಲಿ ತರಿತರಿಯಾಗಿ ಪುಡಿ ಮಾಡಿಸಿ, ಆರು ಮನೆಗೂ ಆರು ಡಬ್ಬಿ ತುಂಬಿಟ್ಟಿದ್ದರು. ನಮ್ಮ ಮನೆಯವರಿಗಷ್ಟೇ ಹಚ್ಚಿದ್ದರೆ ಒಂದು ಮಾತು. ಅವರು ಲಿಫ್ಟ್ ಹತ್ತಿ ಎಲ್ಲ ಬಾಗಿಲನ್ನೂ ತಟ್ಟಿದರು.

ಬ್ಯಾಂಕಿನವರ ಮನೆಯಲ್ಲಿ ಆ ಹೆಣ್ಣುಮಗಳು, ‘ನಾವು ಶಾಂಪೂ ಹಾಕ್ಕೊಂಡು ಮಾಡ್ತೀವಜ್ಜಿ,’ ಅಂದಳು.

‘ಶಾಂಪೂ ನಾಳೆ ಹಾಕ್ಕೊ. ಕೂತ್ಕೊ ಮಣೆ ಮೇಲೆ.’

ಕೂತಳು. ನೆತ್ತಿಯ ಮೇಲೆ ಎಣ್ಣೆ ಬಿದ್ದದ್ದೇ ಅವಳ ಕಣ್ಣು ತುಂಬಿಕೊಂಡಿತು. ಅಮ್ಮ ಹೋದ ಮೇಲೆ ಯಾರೂ ಹಚ್ಚಿರಲಿಲ್ಲವಂತೆ. ಅತ್ತಿಗೆ ಅವಳಿಗೆ ಇನ್ನೊಂದು ಬೊಗಸೆ ಹೆಚ್ಚು ಹಾಕಿದರು. ಗಂಡ ಪಂಚೆ ಉಟ್ಟು ಸರದಿ ಕಾಯುತ್ತಿದ್ದ. ಟೀಚರಮ್ಮ ತಾವೇ ಮಣೆ ಹಿಡಿದು ಬಂದರು. ನಾನಂತೂ ಬೆನ್ನು, ಮೊಣಕಾಲು, ಅಂಗಾಲು ಎಲ್ಲ ಕಡೆಯೂ ತಿಕ್ಕಿಕೊಂಡು, ಬಾಗಿಲ ಹಿಡಿ ತಿರುಗಿಸಲಾಗದಷ್ಟು ಜಾರುತ್ತಿದ್ದೆ.

ಹಳೆಯ ಮನೆಯಾಗಿದ್ದರೆ ಆ ಎಣ್ಣೆ ಇಳಿಯುವುದಕ್ಕೆ ಮಧ್ಯಾಹ್ನದವರೆಗೆ ಹೊತ್ತು ಇರುತ್ತಿತ್ತು. ಇಲ್ಲಿ ಸಾಲಿಲ್ಲ. ಎಲ್ಲರೂ ಒಟ್ಟಿಗೇ ಬಚ್ಚಲಿಗೆ ನುಗ್ಗಿದೆವು. ಕಟ್ಟಡದ ತುಂಬ ನೀರಿನ ಸದ್ದು, ಸೀಗೆಯ ಘಮ, ಕಣ್ಣಿಗೆ ಸೀಗೆಪುಡಿ ಬಿದ್ದ ಮಕ್ಕಳ ಕಿರುಚಾಟ. ನಾನು ಒಳಗೆ ಕೂತು ತಂಬಿಗೆ ತಂಬಿಗೆ ಬಿಸಿನೀರು ಹೊಯ್ದುಕೊಳ್ಳುತ್ತ ನಗುತ್ತಿದ್ದೆ. ಹೆಂಡತಿ ಹೊರಗಿನಿಂದ, ‘ಒಬ್ರೇ ಏನು ನಗ್ತಿದೀರ?’ ಎಂದು ಕೇಳಿದಳು.

‘ನನ್ನ ಸರದಿ ಮೊದಲೇ ಬಂತಲ್ಲೇ!’ ಅಂದೆ.

ಹೊಸ ಬಟ್ಟೆ ಉಟ್ಟು ಎಲ್ಲರೂ ಅತ್ತಿಗೆಯ ಮನೆಯಲ್ಲಿ ದೋಸೆಗೆ ಸೇರಿದ್ದೆವು. ಪಟಾಕಿ ಹಚ್ಚಲು ಹಿಂದಿನ ಅಂಗಳಕ್ಕೆ ಹೋದ ಮಕ್ಕಳು ಓಡಿ ಬಂದರು. ‘ನೀರು ಬರ್ತಿದೆ! ನೀರು!’

ಹೋಗಿ ನೋಡಿದರೆ ಪಾತಿ ಉಕ್ಕುತ್ತಿತ್ತು. ಕಂದು ಬಣ್ಣದ ನೊರೆನೀರು ಕಾಬಾಳೆಯ ಬುಡದಿಂದ ಎದ್ದು, ಕಟ್ಟೆ ದಾಟಿ, ಅಂಗಳವೆಲ್ಲ ಹರಡಿ, ಪಕ್ಕದ ಓಣಿಯ ಹಾದಿಯಾಗಿ ಮುಂದಿನ ಗೇಟಿಗೆ ನಡೆದಿತ್ತು. ಅತ್ತಿಗೆ ಬೆಳಗ್ಗೆ ಅಂಗಳದಲ್ಲಿ ಹಾಕಿದ್ದ ದೊಡ್ಡ ರಂಗೋಲಿ ನಮ್ಮ ಕಣ್ಣೆದುರೇ ಅರ್ಧ ಕೊಚ್ಚಿಹೋಯಿತು. ಎಣ್ಣೆಯ ಪಸೆ ಬಿಸಿಲಿಗೆ ಹೊಳೆಯುತ್ತಿತ್ತು. ನನ್ನ ಬಾಯಲ್ಲಿದ್ದ ದೋಸೆ ಅಲ್ಲೇ ನಿಂತಿತು.

ಮೊಮ್ಮಗಳು ಹೊಸ ಸೀರೆಯನ್ನು ಮಂಡಿಗೆ ಎತ್ತಿ ಕಟ್ಟಿ, ಪಾತಿಯ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ನೀರು ಒಳಬರುವ ಪೈಪಿನ ಬಾಯಿಗೆ ಕೈ ಹಾಕಿದಳು. ಮೊಣಕೈವರೆಗೂ ಹೋಯಿತು. ಎಳೆದಾಗ ಒಂದು ಮುದ್ದೆ ಬಂತು. ಸೀಗೆಪುಡಿ, ಹರಳೆಣ್ಣೆ, ಕೂದಲು ಎಲ್ಲ ಸೇರಿ ರಾಗಿಮುದ್ದೆಯಷ್ಟೇ ಗಟ್ಟಿ. ಅದರ ಹಿಂದೆ ಇನ್ನೊಂದು. ಜಲ್ಲಿಯ ಸಂದಿಯೆಲ್ಲ ಅದೇ ಮೆತ್ತಿಕೊಂಡಿತ್ತು.

‘ತಾತ,’ ಅಂದಳು, ನನಗೆ ಮಾತ್ರ ಕೇಳುವಂತೆ, ‘ಸೋಪು, ಶಾಂಪೂ, ಬಟ್ಟೆ ಪುಡಿ ಎಲ್ಲ ಲೆಕ್ಕ ಹಾಕಿದ್ದೆ. ಎಣ್ಣೆ ಸ್ನಾನ ನನ್ನ ತಲೆಗೇ ಬರಲಿಲ್ಲ.’

ಹುಟ್ಟಿದಾಗಿನಿಂದ ಪ್ರತಿ ವರ್ಷ ಆ ತಲೆಗೇ ಅತ್ತಿಗೆ ಎಣ್ಣೆ ಹಚ್ಚಿದ್ದಾರೆ! ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ.

ಅತ್ತಿಗೆಯ ಮಗ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ‘ನಾನು ಹೇಳಿರ್ಲಿಲ್ವಾ? ಅಮ್ಮ, ನೋಡು, ಅಂಗಳ ಅಲ್ಲ, ಗೇಟಿನ ಆಚೆಗೂ ಹೋಯ್ತು.’

ಎಲ್ಲರೂ ಅತ್ತಿಗೆಯನ್ನೇ ನೋಡಿದೆವು. ಅವರು ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದರು. ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ನಾನು ಮನಸ್ಸಿನಲ್ಲೇ ಆ ಗಾಂಧಿ ಬಜಾರಿನ ಹೂವಿನವಳನ್ನು ನೆನೆದು ಆಸೆ ಬಿಟ್ಟೆ.

ಮೊಮ್ಮಗಳು ಎದ್ದು ನಿಂತಳು. ಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ‘ದೊಡ್ಡಜ್ಜಿ, ಒಪ್ಪಿದ್ದೆ ನಾನು. ಹಬ್ಬ ಮುಗಿದ ತಕ್ಷಣ ಮೇಸ್ತ್ರಿಗೆ ಕಾಂಕ್ರೀಟಿಗೆ ಹೇಳ್ತೀನಿ.’ ಎಣ್ಣೆಯ ಮಾತು ಎತ್ತಲಿಲ್ಲ. ಯಾರು ಹಚ್ಚಿದ್ದು, ಯಾರು ಡಬ್ಬಿ ತುಂಬಿ ಕೊಟ್ಟಿದ್ದು, ಒಂದು ಅಕ್ಷರ ಆಡಲಿಲ್ಲ. ಮೂಗಿನ ತುದಿ ಮಾತ್ರ ಕೆಂಪಗಾಗಿತ್ತು.

ಅತ್ತಿಗೆ ಸೀರೆ ಎತ್ತಿ ಹಿಡಿದು, ಆ ನೊರೆನೀರಿನಲ್ಲೇ ಒಂದೊಂದೇ ಹೆಜ್ಜೆ ಇಟ್ಟು ಬಂದರು. ನಾನು ತೋಳು ಹಿಡಿದುಕೊಂಡೆ. ‘ಬಿಡೋ ಹುಡುಗ,’ ಎಂದು ಕೊಡವಿದರು. ಮೊಮ್ಮಗಳ ಅಂಗೈಯಲ್ಲಿದ್ದ ಮುದ್ದೆಯಿಂದ ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದರು, ಮೂಸಿದರು.

‘ಇದು ನನ್ನ ಸೀಗೆಕಾಯಿ,’ ಅಂದರು.

ಬೆರಳನ್ನು ಇನ್ನೊಮ್ಮೆ ಮೂಗಿಗೆ ಹಿಡಿದರು.

‘ಎಣ್ಣೆನೂ ನಂದೇ. ಇದರಲ್ಲಿ ಕೊಳೆ ಎಲ್ಲಿದೆ?’ ಆಮೇಲೆ ತಾವೇ ತಲೆಯಾಡಿಸಿದರು. ‘ಇಲ್ಲ, ಕೊಳೆ ಇದೆ. ಅಂಗಳಕ್ಕೆ ಬಂದದ್ದೂ ನಿಜ. ಮಾತು ಮಾತೇ. ಇದಕ್ಕೆ ಏನು ಮಾಡಿದ್ರೆ ಸರಿ ಹೋಗುತ್ತೆ, ಅದನ್ನ ಹೇಳೇ ಮೊದಲು.’

ಮೊಮ್ಮಗಳು ತಡವರಿಸಿದಳು. ‘ಪಾತಿಗೆ ಮುಂಚೆ ಒಂದು ಸಣ್ಣ ತೊಟ್ಟಿ ಕಟ್ಟಬೇಕು. ಎಣ್ಣೆ ಮೇಲೆ ತೇಲುತ್ತೆ, ಪುಡಿ ಕೆಳಗೆ ಕೂರುತ್ತೆ, ನಡುವಿನ ನೀರು ಮಾತ್ರ ಪಾತಿಗೆ ಹೋಗುತ್ತೆ. ಹಬ್ಬದ ದಿನ ಅದೂ ಸಾಲಲ್ಲ. ಒಂದು ವಾಲ್ವು ಇಟ್ರೆ, ಅವತ್ತೊಂದು ದಿನ ನೀರನ್ನ ಸೀದಾ ಒಳಚರಂಡಿಗೆ ತಿರುಗಿಸ್ಬಹುದು.’

‘ಆಮೇಲೆ ಉಕ್ಕಲ್ವಾ?’

‘ತಿರುಗಿಸಿದ್ರೆ ಉಕ್ಕಲ್ಲ.’

‘ಅಮ್ಮ,’ ಅಂದ ಮಗ, ‘ನಿನ್ನ ಮಾತು ಅಂದ್ರೆ ಮಾತು ಅಂತ ಊರಿಗೆಲ್ಲ ಗೊತ್ತು.’

‘ಗೊತ್ತಿರೋದರಿಂದಲೇ ಹೇಳ್ತಿದೀನಿ ಕೇಳಿಸ್ಕೊ. ಇಷ್ಟು ವರ್ಷ ಆಡಿದ್ದನ್ನೆಲ್ಲ ಉಳಿಸ್ಕೊಂಡು ಬಂದೆ. ಇವತ್ತು ಒಂದನ್ನ ಬಿಡ್ತಾ ಇದೀನಿ. ಹಬ್ಬದ ದಿನ ಒಂದು ಮಾತು ಮುರಿಯೋ ಅಷ್ಟು ವಯಸ್ಸು ನನಗೆ ಆಗಿಲ್ವಾ?’

‘ಮತ್ತೆ ಕಾರು?’

‘ನಿನ್ನ ಕಾರು ರಸ್ತೇಲಿ ನಿಂತ್ರೆ ಏನು, ಬೆಲ್ಲಾನಾ ಕರಗೋಕೆ? ಹೋಗು, ಪಂಚೆ ಎತ್ತಿ ಕಟ್ಟು, ಪೊರಕೆ ತಗೊ.’

ಮೊದಲು ನಕ್ಕವನು ಅವನೇ. ಆಮೇಲೆ ಎಲ್ಲರೂ ನಕ್ಕೆವು. ಮೊಮ್ಮಗಳು ಮಾತ್ರ, ಹೊಸ ಸೀರೆಗೆ ಕೈಯ ಎಣ್ಣೆ ಮೆತ್ತುವುದನ್ನೂ ಲೆಕ್ಕಿಸದೆ ದೊಡ್ಡಜ್ಜಿಯನ್ನು ತಬ್ಬಿಕೊಂಡು, ಇಷ್ಟು ಹೊತ್ತು ತಡೆದಿದ್ದ ಅಳುವನ್ನೆಲ್ಲ ಅಲ್ಲಿ ಇಳಿಸಿದಳು. ‘ಸಾಕು ಬಿಡೆ, ಮೊದಲೇ ನೀರು ಜಾಸ್ತಿಯಾಗಿದೆ,’ ಅಂದರು ಅತ್ತಿಗೆ.

ಆ ಹಬ್ಬದ ಬೆಳಗನ್ನು ನಾವು ಜಲ್ಲಿ ತೊಳೆಯುತ್ತ ಕಳೆದೆವು. ಆರು ಮನೆಯವರೂ ಇದ್ದರು. ಬ್ಯಾಂಕಿನ ದಂಪತಿ ಬಕೆಟ್ಟಿನಲ್ಲಿ ಜಲ್ಲಿ ಎತ್ತಿ ಕೊಡುವುದು, ನಾವು ಬಿಸಿನೀರು ಹಾಕಿ ತಿಕ್ಕುವುದು. ಟೀಚರಮ್ಮ ರೇಷ್ಮೆ ಸೀರೆಯಲ್ಲೇ ಕುರ್ಚಿ ಹಾಕಿಕೊಂಡು, ಸರಿಯಾಗಿ ತೊಳೆಯದವರ ಜಲ್ಲಿಯನ್ನು ವಾಪಸು ಕಳಿಸುತ್ತಿದ್ದರು. ಹಿಂದಿನ ದಿನದವರೆಗೆ ಮೆಟ್ಟಿಲಲ್ಲಿ ಸಿಕ್ಕರೆ ‘ನಮಸ್ಕಾರ’ ಎಂದಷ್ಟೇ ಹೇಳಿ ಹೋಗುತ್ತಿದ್ದವರು, ಅವತ್ತು ಒಬ್ಬರ ಬೆನ್ನಿಗೊಬ್ಬರು ಒರಗಿ ಕೂತು ದೋಸೆ ತಿಂದೆವು. ನನಗೆ ಇನ್ನೊಂದು ಸಲ ಸ್ನಾನ ಮಾಡುವ ಯೋಗವೂ ಬಂತು.

ಮೇಸ್ತ್ರಿ ಮುಂದಿನ ವಾರವೇ ಸಣ್ಣ ತೊಟ್ಟಿ ಕಟ್ಟಿದ. ವಾಲ್ವಿನ ಹಿಡಿಯನ್ನು ಯಾರ ಸುಪರ್ದಿಗೆ ಕೊಡುವುದು ಎಂಬ ಪ್ರಶ್ನೆ ಬಂದಾಗ ಮೊಮ್ಮಗಳು ವಾಚ್‌ಮನ್ನಿನ ಹೆಸರು ಹೇಳಿದಳು. ಅತ್ತಿಗೆ ಕೇಳಲಿಲ್ಲ.

‘ಎಣ್ಣೆ ಹಚ್ಚೋಳು ನಾನು, ತಿರುಗಿಸೋಳೂ ನಾನೇ. ನಾನು ತಿರುಗಿಸೋವರೆಗೂ ಈ ಕಟ್ಟಡದಲ್ಲಿ ಒಬ್ಬರ ಮೈಗೂ ನೀರು ಬೀಳಕೂಡದು.’

ಅದೂ ಮಾತೇ. ಯುಗಾದಿಯ ಬೆಳಗ್ಗೆ ಅದನ್ನು ಕಣ್ಣಾರೆ ಕಂಡೆ. ಅವತ್ತೂ ಎಲ್ಲರ ಮನೆಗೂ ಬಂದು ಎಣ್ಣೆ ಇಟ್ಟರು. ಹರಳೆಣ್ಣೆ ಕಮ್ಮಿ ಮಾಡಿದ್ದಾರೇನೋ ಅಂದುಕೊಂಡಿದ್ದೆ, ಸುಳ್ಳು, ಇನ್ನೂ ಜಾಸ್ತಿ ಇತ್ತು. ಹಚ್ಚಿ ಮುಗಿಸಿ ಲಿಫ್ಟಿನಲ್ಲಿ ಕೆಳಗಿಳಿದರು. ನಾವೆಲ್ಲ ಹಳೆಯ ಪಂಚೆ, ಹಳೆಯ ಸೀರೆ ಸುತ್ತಿಕೊಂಡು, ಮೈಯಿಂದ ಎಣ್ಣೆ ಸುರಿಸುತ್ತ, ನಡುವಿನ ಆಕಾಶದ ಗೂಡಿನ ಸುತ್ತ ಮೂರು ಮಹಡಿಯಲ್ಲೂ ಕಂಬಿ ಹಿಡಿದು ನಿಂತೆವು. ಯಾರೂ ಬಚ್ಚಲಿಗೆ ಹೋಗಲಿಲ್ಲ. ಕೆಳಗೆ ಅತ್ತಿಗೆ ಹಿಂಬಾಗಿಲಿಂದ ಅಂಗಳಕ್ಕೆ ನಡೆದರು. ಹಿಂದೆಯೇ ಮೊಮ್ಮಗಳು, ಅವಳ ಕೂದಲಿನಿಂದಲೂ ಎಣ್ಣೆ ಇಳಿಯುತ್ತಿತ್ತು. ಹಿಡಿ ಬಿಗಿಯಾಗಿತ್ತೇನೋ, ಇಬ್ಬರೂ ಸೇರಿ ಎಳೆಯುವುದು ತೆರೆದ ಬಾಗಿಲಿನಾಚೆ ಕಂಡಿತು. ಜಾರುವ ಕೈ, ಹಿಡಿತ ಸಿಗುವುದಿಲ್ಲ. ಅತ್ತಿಗೆ ಸೆರಗಿನ ಚುಂಗು ಸುತ್ತಿ ಹಿಡಿದರು, ಮೊಮ್ಮಗಳು ಅವರ ಕೈ ಮೇಲೆ ಕೈ ಇಟ್ಟಳು.

ಕಟ್ ಎಂದು ತಿರುಗಿತು.

‘ಹೋಗ್ರೋ, ಸ್ನಾನಕ್ಕೆ ಹೋಗ್ರೋ ಎಲ್ಲ!’ ಎಂದು ಅತ್ತಿಗೆ ಒಳಗೆ ಬಂದು ಗೂಡಿನ ಕೆಳಗೆ ನಿಂತು ಕೂಗಿದರು. ಆರು ಮನೆಯಲ್ಲೂ ಒಮ್ಮೆಗೇ ಬಚ್ಚಲ ಬಾಗಿಲು ಬಡಿದುಕೊಂಡವು, ನಲ್ಲಿಗಳು ತೆರೆದವು, ಗೋಡೆಯೊಳಗೆ ನೀರು ಸುರಿಯತೊಡಗಿತು.